ಹದಿನಾಲ್ಕನೆಯ ನಿಮಿಷದ ಕುಕ್ಕರ್ ಸೀಟಿ

ಎಪ್ಪಿಂಗ್, ಸಿಡ್ನಿ
18 ಆಗಸ್ಟ್ 2025

ಪ್ರಿಯ ಧನರಾಜ್,

ವಿರುಪಾಕ್ಷನೆಂಬ ನಾನು, ವಯಸ್ಸು ನಲವತ್ತೊಂಬತ್ತು, ವೃತ್ತಿ ಸಂಖ್ಯಾಶಾಸ್ತ್ರದ ಮೇಷ್ಟ್ರು, ಸ್ವಸ್ಥ ಮನಸ್ಸಿನಿಂದ ಮತ್ತು ಯಾರ ಒತ್ತಾಯವೂ ಇಲ್ಲದೆ ಈ ಕೆಳಗಿನ ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಇಂದು ಬೆಳಿಗ್ಗೆ ಹತ್ತೂಕಾಲಿಗೆ, ಒಂದು ಕೈಯಲ್ಲಿ ಚಹಾ ಹಿಡಿದು, ಇನ್ನೊಂದು ಕೈಯಿಂದ ನಾನು ನಿನ್ನ ಮಗಳ ಕಡತ ತೆರೆದು ನೋಡಿದೆ. ನೋಡುವುದು ಅಪರಾಧವಲ್ಲ, ಅವಳು ನನ್ನ ವಿದ್ಯಾರ್ಥಿನಿ. ನೋಡಿದ್ದನ್ನು ಅವಳ ಅಪ್ಪನಿಗೆ ಬರೆದು ತಿಳಿಸುವುದು ಅಪರಾಧ. ಹದಿನೆಂಟು ದಾಟಿದವರ ಅಂಕ, ಹಾಜರಿಗಳನ್ನು ಹೆತ್ತವರಿಗೂ ಹೇಳಕೂಡದು ಎಂಬುದು ಇಲ್ಲಿಯ ನಿಯಮ. ನಮ್ಮೂರಲ್ಲಾದರೆ ಹೇಳದಿರುವುದು ಅಪರಾಧವಾಗುತ್ತಿತ್ತು.

ಅಪರಾಧ ಆದ ಮೇಲೆ ಕದ್ದ ಮಾಲನ್ನು ಹಂಚಿಕೊಳ್ಳಬೇಕಲ್ಲ, ತಗೋ: ನಿಶ್ಮಿತಾ ಹಸಿರು! ನನ್ನ ಆರುನೂರ ನಲವತ್ತು ವಿದ್ಯಾರ್ಥಿಗಳಲ್ಲಿ ಅವಳಷ್ಟು ಅಚ್ಚ ಹಸಿರು ಇನ್ನೊಬ್ಬರಿಲ್ಲ.

ಇದೇನೆಂದು ಹೇಳುತ್ತೇನೆ. ನಮ್ಮ ಆನ್‌ಲೈನ್ ಕೋರ್ಸಿಗೆ ಒಂದು ಡ್ಯಾಶ್‌ಬೋರ್ಡ್ ಇದೆ. ಪ್ರತಿ ಹೆಸರಿನ ಮುಂದೆ ಒಂದು ಚುಕ್ಕಿ. ದಿನವೂ ಬಂದು ಓದುವವರಿಗೆ ಹಸಿರು, ತೂಕಡಿಸುವವರಿಗೆ ಹಳದಿ, ನಾಪತ್ತೆಯಾದವರಿಗೆ ಕೆಂಪು. ಅಪ್ಪ ನನಗೆ ಮುಕ್ಕಣ್ಣನ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮೂರನೆಯ ಕಣ್ಣು ಬರುವುದು ತಡವಾಯಿತು, ಅಷ್ಟೇ. ಹಣೆಯ ಮೇಲೆ ಬರಬೇಕಾದ್ದು ಮೇಜಿನ ಮೇಲೆ ಬಂತು.

ಮಿಕ್ಕ ಮಹನೀಯರು ನನ್ನ ವಿಡಿಯೋವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾರೆ. ಹಾಗೆ ಕೇಳಿದರೆ ನನ್ನ ದನಿ ಬೋನಿಗೆ ಬಿದ್ದ ಇಲಿಯದು. ನಿಶ್ಮಿತಾ ಮಾತ್ರ ಎರಡು ವಾರದಿಂದ, ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಸರಿಯಾಗಿ ಬಂದು, ಇದ್ದ ವೇಗದಲ್ಲೇ ಮೊದಲಿನಿಂದ ಕೊನೆಯವರೆಗೆ ನೋಡುತ್ತಾಳೆ. ಅಷ್ಟೇ ಅಲ್ಲ, ನನ್ನ ಹಾಸ್ಯಗಳನ್ನು ಹಿಂದಕ್ಕೆ ತಿರುಗಿಸಿ ಎರಡೆರಡು ಸಲ ಕೇಳುತ್ತಾಳೆ! ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಬಂದ ರುದ್ರಾಣಿಗೆ ಇದನ್ನು ಹೇಳಿದೆ. ಹೆಂಡತಿಯ ವಿಮರ್ಶೆ ಒಂದೇ ಸಾಲಿನದು: "ಪಾಪ, ಅರ್ಥ ಆಗಿರಂಗಿಲ್ಲ ಬಿಡ್ರಿ."

ಇದೆಲ್ಲ ನಾಟಕವಾಗಿರಬಹುದೆಂದು ನೀನು ಅನುಮಾನಿಸಬೇಡ. ಸುಳ್ಳು ಹಾಜರಿಯ ವಾಸನೆ ನನಗೆ ಸಿಡ್ನಿಯಿಂದ ಪರ್ತ್‌ವರೆಗೆ ಹೊಡೆಯುತ್ತದೆ. ಧಾರವಾಡದಲ್ಲಿ ನಿನ್ನ ನಂಬರು ನಲವತ್ತೊಂದು, ನನ್ನದು ನಲವತ್ತೆರಡು. ನೀನು ಹಾಸ್ಟೆಲಿನಲ್ಲಿ ಗೊರಕೆ ಹೊಡೆಯುವಾಗ ಉಡುಪಿಯ ರಾಗದಲ್ಲಿ ಒಮ್ಮೆ "ಪ್ರೆಸೆಂಟ್ ಸಾರ್" ಎಂದು, ಕೆಮ್ಮಿ, ನನ್ನ ರಾಗದಲ್ಲಿ ಇನ್ನೊಮ್ಮೆ "ಪ್ರೆಸೆಂಟ್ ಸರ್" ಎಂದವನು ನಾನು. ಮೂರು ವರ್ಷ ಒಬ್ಬನೇ ಇಬ್ಬರಾಗಿ ಡಿಗ್ರಿ ಮುಗಿಸಿದ್ದೇನೆ. ನನ್ನನ್ನು ಯಾಮಾರಿಸುವವನು ಇನ್ನೂ ಲಾಗಿನ್ ಆಗಿಲ್ಲ.

ಬಾಯಿಮಾತಲ್ಲ, ಕಾಗದವೂ ಇದೆ. ಜುಲೈನಲ್ಲಿ ನಮಗೆಲ್ಲ 'ಆನ್‌ಲೈನ್ ಬೋಧನಾ ಸಿದ್ಧತೆ' ಎಂಬ ತರಬೇತಿ ಕಡ್ಡಾಯ ಮಾಡಿದ್ದರು. ಪರದೆಯ ಆಚೆ ಇರುವ ವಿದ್ಯಾರ್ಥಿಯನ್ನು ಮನುಷ್ಯನಾಗಿ ಗುರುತಿಸುವುದು ಹೇಗೆ, ಇತ್ಯಾದಿ. ನನಗೆ ನೂರಕ್ಕೆ ನೂರು. ವಿಭಾಗದಲ್ಲಿ ಬೇರೆ ಯಾರಿಗೂ ಇಲ್ಲ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಕ್ಯಾಮೆರಾಕ್ಕೆ ಬೀಳುವ ಹಾಗೆ ಬೆನ್ನ ಹಿಂದೆ ತೂಗುಹಾಕಿದ್ದೇನೆ.

ಎಲ್ಲರೂ ನಿನ್ನ ಮಗಳಂತಲ್ಲ ಬಿಡು. ಕೋರ್ಸಿನ ಎರಡನೆಯ ವಾರ ಚರ್ಚೆಯ ಪುಟದಲ್ಲಿ ಹೆಸರು ಹಾಕದ ಕಿಡಿಗೇಡಿಯೊಬ್ಬ ಕೇಳಿದ್ದ: "ಮೂರನೆಯ ವಿಡಿಯೋದ ಹದಿನಾಲ್ಕನೆಯ ನಿಮಿಷದಲ್ಲಿ ಹಿಂದೆ ಕುಕ್ಕರ್ ಸೀಟಿ ಕೇಳಿಸುತ್ತದೆ. ಏನು ಅಡುಗೆ?" ನಾನು ಮಾನಕ ವಿಚಲನೆ ಹೇಳುತ್ತಿದ್ದರೆ ಇವನದು ಗಮನ ವಿಚಲನೆ! 'ಪಾಠಕ್ಕೆ ಸಂಬಂಧಿಸಿಲ್ಲ' ಎಂಬ ಗುಂಡಿ ಒತ್ತಿ ಅಳಿಸಿಹಾಕಿದೆ. ಹೆಸರು ನಮಗೆ ಕಾಣದಿದ್ದರೂ ಯಂತ್ರಕ್ಕೆ ಗೊತ್ತು, ಮುಂದಿನ ಶಾಸ್ತ್ರೋಕ್ತ ಎಚ್ಚರಿಕೆಯನ್ನು ಅದೇ ಕಳಿಸುತ್ತದೆ.

ಕಳೆದ ವರ್ಷ ಮೆಲ್ಬರ್ನಿನ ಕಾಲೇಜು ಅವಳಿಗೆ ಒಗ್ಗದೆ ಹೋದಾಗ, "ಮನೆಯಲ್ಲೇ ಕೂತು ಓದಲಿ, ಹೇಗೂ ಪಾಠ ಮಾಡುವವ ನೀನಿದ್ದೀಯಲ್ಲ" ಎಂದು ನಮ್ಮ ಕೋರ್ಸಿಗೆ ಸೇರಿಸಿದೆಯಲ್ಲ, ನಿನ್ನ ನಂಬಿಕೆ ಹಸಿರಾಯಿತು. ಆನ್‌ಲೈನ್ ಮೇಷ್ಟ್ರು ಕೈಯಲ್ಲಿ ಪತ್ರ ಬರೆಯುವುದನ್ನು ನೋಡಿ ರುದ್ರಾಣಿ ನಗುತ್ತಾಳೆ. ಆದರೆ ವಾಟ್ಸಾಪಿನಲ್ಲಿ ಹಬ್ಬಕ್ಕೊಂದು ದೀಪದ ಚಿತ್ರ ಕಳಿಸಿ ಸುಸ್ತಾಗಿ ನಾವು ಮಾಡಿಕೊಂಡ ಕರಾರು ಕರಾರೇ. ಕಾಗದ, ಅಂಚೆಚೀಟಿ, ನಾಲ್ಕೈದು ದಿನದ ಕಾಯುವಿಕೆ. ವಿಜೇತಾ ಊರಿನಿಂದ ಬಂದರೇ, ಇಲ್ಲ ಇನ್ನೂ ಅಪ್ಪ ಮಗಳದೇ ಅಡುಗೆಯೇ?

ನಿನ್ನ,
ವಿರುಪಾಕ್ಷ


ಕ್ರೇಗಿಬರ್ನ್, ಮೆಲ್ಬರ್ನ್
22 ಆಗಸ್ಟ್ 2025

ಪ್ರಿಯ ವಿರು,

ಪತ್ರ ಸಿಕ್ಕಿತು. ಮಗಳ ಬಗ್ಗೆ ಬರೆದದ್ದು ಓದಿದೆ. ಸಂತೋಷ.

ವಿಜೇತಾ ಇನ್ನೂ ಉಡುಪಿಯಲ್ಲೇ. ಅತ್ತೆಯ ಮಂಡಿ ಆಪರೇಷನ್ ಆಯಿತು, ನಡೆಯಲು ಸಮಯ ಬೇಕು. ಅಕ್ಟೋಬರ್ ಕೊನೆಗೆ ಬರುತ್ತಾಳೆ. ಮನೆಯಲ್ಲಿ ನಾನು, ನಿಶ್ಮಿತಾ ಇಬ್ಬರೇ. ಲ್ಯಾಬಿನಲ್ಲಿ ನನ್ನ ಪಾಳಿ ಈಗ ಮಧ್ಯಾಹ್ನ ಎರಡರಿಂದ. ಬೆಳಿಗ್ಗೆ ಮನೆಯಲ್ಲಿರುತ್ತೇನೆ.

ಒಂದು ವಿಷಯ ಕೇಳುವ ಅಂತಿದ್ದೆ. ನಮ್ಮ ಲ್ಯಾಬಿನಲ್ಲಿ ಒಬ್ಬರ ಮಗನಿಗೋಸ್ಕರ. ಚುಕ್ಕಿ ಕೆಂಪಾದರೆ ಏನಾಗುತ್ತದೆ? ಯಾರಿಗೆಲ್ಲ ಗೊತ್ತಾಗುತ್ತದೆ? ಅದು ದಾಖಲೆಯಲ್ಲಿ ಉಳಿಯುತ್ತದಾ? ಮತ್ತೆ, ಸೇರುವ ಮೊದಲು ನೀವು ಒಂದು ಪ್ರಶ್ನಾವಳಿ ಕೊಡುತ್ತೀರಲ್ಲ, ಆನ್‌ಲೈನ್ ಕಲಿಕೆಗೆ ಸಿದ್ಧ ಇದ್ದೀರಾ ಅಂತ, ಅದರಲ್ಲಿ ತೊಂಬತ್ತಾರು ಬಂದವರು ಸಹ ಅರ್ಧದಲ್ಲಿ ನಿಲ್ಲಿಸುವುದುಂಟಾ? ಇದು ಕೂಡ ಅವರದ್ದೇ ಪ್ರಶ್ನೆ.

ಇಲ್ಲಿ ಚಳಿ ಉಂಟು. ಹಿತ್ತಲಿನ ನಿಂಬೆ ಗಿಡದಲ್ಲಿ ಹಣ್ಣು ತುಂಬಾ ಆಗಿದೆ, ಕೀಳುವವರಿಲ್ಲ. ಬೇರೆ ವಿಶೇಷ ಇಲ್ಲ.

ಧನರಾಜ್


ಎಪ್ಪಿಂಗ್
28 ಆಗಸ್ಟ್ 2025

ಪ್ರಿಯ ಧನರಾಜ್,

ನಿನ್ನ ಪತ್ರ ಥೇಟ್ ಲ್ಯಾಬ್ ರಿಪೋರ್ಟು. ಸಂತೋಷ: ಇದೆ. ಪ್ರಮಾಣ: ಸಾಧಾರಣ. ಮಗಳು ಆರುನೂರ ನಲವತ್ತು ಜನರಲ್ಲಿ ಮೊದಲಿಗಳೆಂದರೆ ಮಂಗಳೂರು ಕಡೆಯವನಿಗೆ 'ಸಂತೋಷ' ಎಂಬ ಮೂರಕ್ಷರ ಸಾಕಾಗುತ್ತದೆಂದು ಈಗ ತಿಳಿಯಿತು.

ನಿನ್ನ ಲ್ಯಾಬಿನವರಿಗೆ ಹೇಳು. ಐದು ದಿನ ಬಾರದಿದ್ದರೆ ಹಳದಿ, ಯಂತ್ರ ಒಂದು ಇಮೇಲ್ ಕಳಿಸುತ್ತದೆ. ಏಳು ದಿನಕ್ಕೆ ಕೆಂಪು. ಆಮೇಲೂ ಸುಳಿವಿಲ್ಲದಿದ್ದರೆ ವಿದ್ಯಾರ್ಥಿ ಸಹಾಯ ವಿಭಾಗದ ಹೇಮಲತಾ ಫೋನ್ ಮಾಡುತ್ತಾರೆ. ಮೈಸೂರಿನವರು. ಅವರ ಫೋನಿನಿಂದ ತಪ್ಪಿಸಿಕೊಂಡವರಿಲ್ಲ. ಪಾಠದ ವಿಷಯ ಎತ್ತುವುದೇ ಇಲ್ಲವಂತೆ, ಮೊದಲು "ಊಟ ಆಯಿತೇ" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರಂತೆ. ಆರಡಿ ಎತ್ತರದ ಹುಡುಗರು ಅಲ್ಲೇ ಅತ್ತುಬಿಡುತ್ತಾರಂತೆ. ಹಸಿರು ಚುಕ್ಕಿಯವರಿಗೆ ಅವರು ಫೋನ್ ಮಾಡುವುದಿಲ್ಲ. ಮಾಡಿ ಏನು ಕೇಳಬೇಕು?

ಈ ತಿಂಗಳ ಮೂವತ್ತೊಂದರೊಳಗೆ ಹೆಸರು ಹಿಂದಕ್ಕೆ ಪಡೆದರೆ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ಆ ಮೇಲೆ ಬಿಟ್ಟರೆ ನಪಾಸು ಎಂದೇ ಬರುತ್ತದೆ. ಈ ಕಾಗದ ನಿನ್ನ ಕೈ ಸೇರುವಾಗ ಆ ದಿನ ದಾಟಿರುತ್ತದೆ. ಇರಲಿ, ನಮ್ಮ ಮನೆಯ ಪ್ರಶ್ನೆ ಅಲ್ಲವಲ್ಲ.

ತೊಂಬತ್ತಾರು ಬಂದವರು ನಿಲ್ಲಿಸುವುದುಂಟೇ ಎಂದರೆ, ಇಲ್ಲವೇ ಇಲ್ಲ. ಆ ಪ್ರಶ್ನಾವಳಿ ಮಾಡಿದವನು ನಾನೇ. ಲ್ಯಾಪ್‌ಟಾಪ್ ಇದೆಯೇ, ಇಂಟರ್ನೆಟ್ ಇದೆಯೇ, ಒಬ್ಬರೇ ಕೂತು ಓದಲು ಸದ್ದಿಲ್ಲದ ಜಾಗ ಇದೆಯೇ. ಇವೆಲ್ಲ ಇದ್ದ ಮೇಲೆ ಇನ್ನೇನು ಬೇಕು? ನಮಗೆ ಧಾರವಾಡದಲ್ಲಿ ಇದ್ದದ್ದು ಒಂದು ಬಲ್ಬು, ನಾಲ್ಕು ಜನ, ಪಕ್ಕದ ರೂಮಿನ ಹಾರ್ಮೋನಿಯಂ. ನಿಶ್ಮಿತಾಗೂ ತೊಂಬತ್ತಾರೇ ಬಂದಿದೆ, ನೋಡಿದೆ. (ಇದು ಎರಡನೆಯ ಅಪರಾಧ. ಒಟ್ಟಿಗೆ ಶಿಕ್ಷೆ ಅನುಭವಿಸುತ್ತೇನೆ.)

ವಿರುಪಾಕ್ಷ


ಕ್ರೇಗಿಬರ್ನ್
4 ಸೆಪ್ಟೆಂಬರ್ 2025

ಪ್ರಿಯ ವಿರು,

ಪತ್ರ ನಿನ್ನೆ ಬಂತು. ಮೂವತ್ತೊಂದು ದಾಟಿತ್ತು. ಲ್ಯಾಬಿನವರಿಗೆ ಹೇಳಿದೆ. 

ನಿನ್ನ ಪಾಠದಲ್ಲಿ ಬರುವ ಆ ಎಂಟು ಇಡ್ಲಿಯ ಹಾಸ್ಯ ಲಾಯಕ್ಕುಂಟು ಮಾರಾಯ. ನೀನು ಎಂಟು ತಿನ್ನುತ್ತೀ, ರುದ್ರಾಣಿ ಸೊನ್ನೆ, ಸರಾಸರಿ ನಾಲ್ಕು, ಹಾಗಾಗಿ ಲೆಕ್ಕದ ಪ್ರಕಾರ ಮನೆಯಲ್ಲಿ ಯಾರೂ ಹಸಿದಿಲ್ಲ. ಮೊದಲು ನಗು ಬಂತು. ಆಮೇಲೆ ಎರಡು ದಿನ ಅದೇ ತಲೆಯಲ್ಲಿ. ಲೆಕ್ಕ ಸರಿ ಉಂಟು. ಆದರೆ ಹಸಿದವರು ಅದರಲ್ಲಿ ಕಾಣುವುದೇ ಇಲ್ಲವಲ್ಲ. ಅವರನ್ನು ಕಾಣುವುದು ಹೇಗೆ ಅಂತ ಮುಂದಿನ ಪಾಠದಲ್ಲಿ ಹೇಳುತ್ತೀ ಅಂದುಕೊಂಡೆ. ನೀನು ಬೇರೆ ವಿಷಯಕ್ಕೆ ಹೋದಿ.

ನಿನ್ನ ಸ್ವರ ಸ್ವಲ್ಪವೂ ಬದಲಾಗಿಲ್ಲ. ಎಂಟನೆಯ ವಿಡಿಯೋದಲ್ಲಿ ತುಂಬಾ ಕೆಮ್ಮುತ್ತಿದ್ದಿ. ಔಷಧಿ ತೆಗೆದುಕೊಂಡೆಯಾ?

ಧನರಾಜ್


ಎಪ್ಪಿಂಗ್
11 ಸೆಪ್ಟೆಂಬರ್ 2025

ಪ್ರಿಯ ಧನರಾಜ್,

ಕೆಮ್ಮು ಹೋಯಿತು, ಹೆಮ್ಮೆ ಬಂತು. ಅಪ್ಪ, ಮಗಳು ಒಟ್ಟಿಗೆ ಕೂತು ನನ್ನ ಪಾಠ ಕೇಳುತ್ತೀರೆಂದು ಈಗ ಗುಟ್ಟು ರಟ್ಟಾಯಿತು! ಇಡ್ಲಿಯ ಹಾಸ್ಯವನ್ನು ಡ್ಯಾಶ್‌ಬೋರ್ಡಿನ ಪ್ರಕಾರ ನಿಮ್ಮ ಮನೆಯಲ್ಲಿ ಐದು ಸಲ ಕೇಳಲಾಗಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ರುದ್ರಾಣಿ ನನ್ನ ಯಾವ ಮಾತನ್ನೂ ಐದು ಸಲ ಕೇಳಿಲ್ಲ. ಹಾಸ್ಯವನ್ನು ಮೂಲಸಮೇತ ಕಿತ್ತು ಪರೀಕ್ಷಿಸಬೇಡ, ಅದು ನಿನ್ನ ಲ್ಯಾಬಿಗೆ ಬಂದ ರಕ್ತವಲ್ಲ.

ಈಗ ಒಂದು ಸಿಹಿಸುದ್ದಿ. ಅಕ್ಟೋಬರ್ ಒಂದರಂದು ನಮ್ಮ ವಿಭಾಗದ ದೊಡ್ಡ ಸಭೆ. 'ಆನ್‌ಲೈನ್ ಕಲಿಕೆಗೆ ವಿದ್ಯಾರ್ಥಿಗಳು ನಿಜಕ್ಕೂ ಸಿದ್ಧರಿದ್ದಾರೆಯೇ?' ಎಂಬುದು ವಿಷಯ. ಒಬ್ಬ ಮಾದರಿ ವಿದ್ಯಾರ್ಥಿ ಹತ್ತು ನಿಮಿಷ ಕ್ಯಾಮೆರಾದ ಮುಂದೆ ಮಾತಾಡಬೇಕು. ನಾನು ನಿಶ್ಮಿತಾಳ ಹೆಸರು ಕೊಟ್ಟುಬಿಟ್ಟೆ! ಅವಳಿಗೆ ಮೂರು ಇಮೇಲ್ ಹಾಕಿದ್ದೇನೆ, ಉತ್ತರವಿಲ್ಲ. ಏನು ವಿನಯ, ಏನು ಸಂಕೋಚ! ನೀನು ಒಂದು ಮಾತು ಹೇಳಿ ಒಪ್ಪಿಸು.

ಇನ್ನೊಂದು. ವಿದ್ಯಾರ್ಥಿಗಳ ಉತ್ತರಗಳನ್ನೆಲ್ಲ ಈಗ ಯಂತ್ರಗಳು ಬರೆದುಕೊಡುತ್ತಿವೆ. ಆದ್ದರಿಂದ ಅಕ್ಟೋಬರ್ ಇಪ್ಪತ್ತರಿಂದ ಪ್ರತಿಯೊಬ್ಬರಿಗೂ ಹತ್ತು ನಿಮಿಷದ ಮೌಖಿಕ ಪರೀಕ್ಷೆ, ಮುಖ ಕಾಣಬೇಕು. ಅವಳಿಗೇನು, ನಗುನಗುತ್ತ ಮುಗಿಸುತ್ತಾಳೆ.

ವಿರುಪಾಕ್ಷ


ಕ್ರೇಗಿಬರ್ನ್
17 ಸೆಪ್ಟೆಂಬರ್ 2025

ವಿರು,

ಯಾರನ್ನು ಕೇಳಿ ಹೆಸರು ಕೊಟ್ಟೆ? ತೆಗೆದುಹಾಕು. ಅವಳು ಮಾತಾಡುವುದಿಲ್ಲ. ಇಮೇಲ್ ಸಹ ಕಳಿಸಬೇಡ.

ಮೌಖಿಕದ ಬದಲು ಬರವಣಿಗೆಯಲ್ಲಿ ಏನಾದರೂ ಕೊಡಲು ಆಗುತ್ತದಾ ನೋಡು. ಆಗುವುದಿಲ್ಲ ಅಂತ ಬರೆಯಬೇಡ. ಮನಸ್ಸು ಮಾಡಿದರೆ ಆಗುತ್ತದೆ. ಹತ್ತು ನಿಮಿಷ ನಿನ್ನ ಮೂರನೆಯ ಕಣ್ಣು ಮುಚ್ಚಿದರೆ ಯಾರಿಗೆ ಏನು ಹೋಗುತ್ತದೆ? ನನಗೋಸ್ಕರ ಮೂರು ವರ್ಷ ಸುಳ್ಳು ಹೇಳಿದವ ನೀನು.

ಧನರಾಜ್


ಎಪ್ಪಿಂಗ್
24 ಸೆಪ್ಟೆಂಬರ್ 2025

ಶ್ರೀ ಧನರಾಜ್ ಅವರಿಗೆ,

ನಿಶ್ಮಿತಾಳ ಹೆಸರನ್ನು ಸಭೆಯ ಪಟ್ಟಿಯಿಂದ ತೆಗೆಸಿದ್ದೇನೆ. ಕಾರಣ ಕೇಳಿದವರಿಗೆ ನನ್ನದೇ ಅವಸರ ಎಂದು ಹೇಳಿದೆ. ನಾನು ತಪ್ಪನ್ನು ನನ್ನ ಮೇಲೆ ಹಾಕಿಕೊಳ್ಳುವುದು ಎಷ್ಟು ಅಪರೂಪವೆಂದು ನಿನಗೆ ಗೊತ್ತು.

ಮೌಖಿಕ ಪರೀಕ್ಷೆಯ ವಿಷಯದಲ್ಲಿ ನನ್ನ ಉತ್ತರ ಇಲ್ಲ ಎಂದೇ. ಮೂವತ್ತು ವರ್ಷದ ಹಿಂದೆ ನಾನು ಕೂಗಿದ "ಪ್ರೆಸೆಂಟ್ ಸಾರ್"ಗೆ ನೀನು ಈಗ ಬೆಲೆ ಕಟ್ಟುತ್ತೀಯೆಂದು ಎಣಿಸಿರಲಿಲ್ಲ. ನಾನು ಅವಳಿಗೆ ಅಂಕಲ್ ಇರಬಹುದು, ಅಂಕ ಹಂಚುವ ಅಂಗಡಿಯಲ್ಲ. ಇಷ್ಟು ಚೆನ್ನಾಗಿ ಓದುವ ಹುಡುಗಿಗೆ ರಿಯಾಯಿತಿ ಕೇಳುವುದು ಅವಳಿಗೇ ಅವಮಾನ. ಅವಳಿಗೆ ನಾಲ್ಕು ಜನರ ಮುಂದೆ ಮಾತಾಡಲು ಭಯವಿದ್ದರೆ, ಕ್ಷಮಿಸು, ಆ ಭಯ ಅವಳದಲ್ಲ, ನಿನ್ನದು. ಬಾಗಿಲು ಮುಚ್ಚಿ ಬೆಳೆಸುತ್ತಿರುವವನು ನೀನು.

ವಿಜೇತಾ ಬಂದ ಮೇಲೆ ನಮಸ್ಕಾರ ತಿಳಿಸು.

ವಿರುಪಾಕ್ಷ


ಕ್ರೇಗಿಬರ್ನ್
10 ಅಕ್ಟೋಬರ್ 2025

ಪ್ರಿಯ ವಿರು,

ನಿನ್ನ ಪತ್ರ ಬಂದು ಹನ್ನೊಂದು ದಿನ ಆಯಿತು. ಮೂರು ಸಲ ಉತ್ತರ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಲ್ಯಾಬಿನಲ್ಲಿ ಯಾರ ಮಗನೂ ಇಲ್ಲ. ದಿನಾ ಒಂಬತ್ತು ನಲವತ್ತಕ್ಕೆ ಬರುತ್ತಿದ್ದದ್ದು ನಾನು.

ಜುಲೈ ಕೊನೆಗೆ ಅವಳು ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ತಂದಿಟ್ಟಳು. "ಐ ಕಾಂಟ್, ಪಪ್ಪಾ" ಅಂದಳು, ರೂಮಿಗೆ ಹೋದಳು. ನಾನು ಎರಡು ದಿನದಲ್ಲಿ ಸರಿಯಾಗುತ್ತದೆ ಅಂದುಕೊಂಡೆ. ಐದನೆಯ ದಿನ ಲ್ಯಾಪ್‌ಟಾಪಿನಲ್ಲಿ ಹಳದಿ ಎಚ್ಚರಿಕೆ ಬಂತು. ಕಾಲೇಜು ಒಂದು ಸಲ ಬಿಟ್ಟಾಗಿದೆ, ಇದೂ ಬಿಟ್ಟಳು ಅಂತಾದರೆ ವಿಜೇತಾಳಿಗೆ ಏನು ಹೇಳುವುದು? ಒಂದು ದಿನ ನೋಡಿಕೊಳ್ಳುವ ಅಂತ ಕೂತೆ. ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ನೀನು ನನಗೆ ಮಾಡಿದ್ದನ್ನು ನಾನು ಮಗಳಿಗೆ ಮಾಡಿದೆ. ಅವಳಿಗೆ ಗೊತ್ತಿಲ್ಲ. ಮೂರು ಸಣ್ಣ ಪರೀಕ್ಷೆ ಬರೆದೆ. ಐವತ್ತೆಂಟು, ಅರುವತ್ತನಾಲ್ಕು, ಎಪ್ಪತ್ತೊಂದು. ಎಪ್ಪತ್ತೊಂದು ಬಂದ ದಿನ ಯಾರಿಗೂ ಹೇಳಲು ಆಗಲಿಲ್ಲ.

ಹಾಸ್ಯ ಎರಡೆರಡು ಸಲ ಕೇಳಿದ್ದು ಅರ್ಥ ಆಗದೆ ಅಲ್ಲ, ರುದ್ರಾಣಿಗೆ ಹೇಳು. ಮನೆಯಲ್ಲಿ ಬೇರೆ ಯಾರದ್ದೂ ಸ್ವರ ಇರಲಿಲ್ಲ.

ನಿನ್ನ ಪ್ರಶ್ನಾವಳಿಯಲ್ಲಿ ಸದ್ದಿಲ್ಲದ ಜಾಗ ಉಂಟಾ ಅಂತ ಕೇಳಿದ್ದೀ. ಅದು ನಮ್ಮಲ್ಲಿ ಬೇಕಾದಷ್ಟುಂಟು. ಅವಳ ರೂಮಿಗಿಂತ ಸದ್ದಿಲ್ಲದ ಜಾಗ ಈ ಸಬರ್ಬಿನಲ್ಲೇ ಇಲ್ಲ. ತಟ್ಟೆ ಬಾಗಿಲಿನ ಹೊರಗೆ ಇಡುತ್ತೇನೆ. ಅರ್ಧ ತಿಂದು ಅಲ್ಲೇ ಇಡುತ್ತಾಳೆ.

ನೀನು "ಬಾಗಿಲು ಮುಚ್ಚಿ ಬೆಳೆಸುತ್ತಿರುವವನು ನೀನು" ಅಂತ ಬರೆದದ್ದು ಓದಿದ ಮರುದಿನ ಒಂಬತ್ತು ನಲವತ್ತಕ್ಕೆ ಕೂತೆ. ಕೈ ಹೋಗಲಿಲ್ಲ. ಹಾಗೇ ಬಿಟ್ಟೆ. ಹಳದಿ ಆಯಿತು, ಕೆಂಪಾಯಿತು. ನಿನ್ನೆ ಬೆಳಿಗ್ಗೆ ಅವಳಿಗೆ ಫೋನ್ ಬಂತು. ನಾನು ಬಾಗಿಲಿನ ಹೊರಗೆ ನಿಂತಿದ್ದೆ. ಮೊದಲು ಇಂಗ್ಲಿಷಿನಲ್ಲಿ ಹೂಂ, ಹೂಂ ಅಂತಿದ್ದಳು. ಆಮೇಲೆ ನನ್ನ ಮಗಳು ಕನ್ನಡದಲ್ಲಿ, "ಇಲ್ಲ ಆಂಟಿ, ಊಟ ಆಗಿಲ್ಲ" ಅಂದಳು. ನನ್ನ ಹತ್ತಿರ ಸಹ ಕನ್ನಡದಲ್ಲಿ ಉತ್ತರ ಕೊಡುವವಳಲ್ಲ. ಐವತ್ತು ನಿಮಿಷ ಮಾತಾಡಿದಳು, ಅತ್ತಳು. ಹೊರಗೆ ಬಂದು, ಎರಡು ತಿಂಗಳ ನಂತರ ಮೊದಲ ಸಲ, ಮೇಜಿನ ಹತ್ತಿರ ಕೂತಳು.

ನಾನು ಕೇಳಿದೆ, "ಯಾಕೆ ಬಿಟ್ಟಿ ಮಗಾ?" ಹೇಳಿದಳು. ಟ್ಯುಟೋರಿಯಲಿನಲ್ಲಿ ಎಲ್ಲರ ಮುಖ ಕಪ್ಪು ಚೌಕ. ನೋಟ್ಸು ಮೂರು ಮೂರು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಕೋರ್ಸಿನಲ್ಲಿ ಒಂದು ಜೀವ ಇರುವ ಮನೆಯ ಹಾಗೆ ಕೇಳಿಸಿದ್ದು ಒಂದೇ ಕಡೆ, ಅಂಕಲಿನ ಕುಕ್ಕರ್. ಅದಕ್ಕೇ ಕೇಳಿದಳಂತೆ, ಏನು ಅಡುಗೆ ಅಂತ. ಹೆಸರು ಹಾಕಲಿಲ್ಲ. ಹಾಕಿದರೆ ಅಂಕಲ್ ಹೋಗಿ ಪಪ್ಪನಿಗೆ ಹೇಳುತ್ತಾರೆ ಅಂತ. ಮರುದಿನ ಅದು ಇರಲಿಲ್ಲ. 'ನಿಮ್ಮ ಬರಹ ಪಾಠಕ್ಕೆ ಸಂಬಂಧಿಸಿಲ್ಲ' ಅಂತ ಯಂತ್ರದ ಇಮೇಲ್ ಇತ್ತು.

ನಿನ್ನ ಮೊದಲ ಪತ್ರದಲ್ಲಿ ಆ ಕಿಡಿಗೇಡಿಯ ವಿಷಯ ಓದಿ ನಾನು ನಕ್ಕಿದ್ದೆ ವಿರು.

ಆಮೇಲೆ ಅವಳು ಕೇಳಿದಳು, "ಪಪ್ಪಾ, ಸೆಪ್ಟೆಂಬರ್ ಇಡೀ ನಾನು ಗ್ರೀನ್ ಇದ್ದೆ ಅಂತ ಆ ಆಂಟಿ ಹೇಳ್ತಾರೆ. ಹೌ ಕಮ್?" ನಾನು ಡ್ಯೂಟಿಗೆ ಹೊತ್ತಾಯಿತು ಅಂತ ಎದ್ದೆ.

ಈಗ ನೀನು ಹೇಳು. ನಾನು ಮಾಡಿದ್ದು ಹೊರಗೆ ಬಂದರೆ ಬೇರೆಯವರಿಂದ ಪರೀಕ್ಷೆ ಬರೆಸಿದಳು ಅಂತ ಅವಳ ಮೇಲೆ ಬರುತ್ತದೆ. ಬಾರದಿದ್ದರೆ ಹಸಿರು ದಾಖಲೆ ಇಟ್ಟುಕೊಂಡು ಇಪ್ಪತ್ತನೆಯ ತಾರೀಕು ಕ್ಯಾಮೆರಾದ ಮುಂದೆ ಕೂತು ನಪಾಸಾಗುತ್ತಾಳೆ. ಇನ್ನೊಂದು ಸಲ ಸೋತರೆ ಅವಳು ಆ ರೂಮಿನಿಂದ ಹೊರಗೆ ಬರುವುದಿಲ್ಲ. ನನಗೆ ಹೆದರಿಕೆ ಅದೊಂದೇ.

ಧನರಾಜ್


ಎಪ್ಪಿಂಗ್
17 ಅಕ್ಟೋಬರ್ 2025

ಪ್ರಿಯ ಧನರಾಜ್,

ನಿನ್ನ ಪತ್ರ ಮಂಗಳವಾರ ಬಂತು. ಓದಿ ಕಾಗದ ಹುಡುಕಲಿಲ್ಲ, ನಿನಗೆ ಫೋನ್ ಮಾಡಿದೆ. ಮೂವತ್ತು ವರ್ಷದಲ್ಲಿ ನೀನು ಅತ್ತದ್ದನ್ನು ನಾನು ಕೇಳಿರಲಿಲ್ಲ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಬಾಗಿಲಿನ ಮಾತು ಬರೆದದ್ದಕ್ಕೆ ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ. ಈಗ ಕೇಳುತ್ತಿದ್ದೇನೆ. ನೀನು ಅಂದೇ ರಾತ್ರಿ ಅವಳಿಗೆ ಎಲ್ಲವನ್ನೂ ಹೇಳಿದ್ದು ಒಳ್ಳೆಯದಾಯಿತು. ಅದು ನಾನು ಹೇಳುವ ವಿಷಯವಾಗಿರಲಿಲ್ಲ.

ನಿನ್ನೆ ಅವಳೊಂದಿಗೆ ಮಾತಾಡಿದೆ. ಅವಳು ಇಂಗ್ಲಿಷು, ನಾನು ಕನ್ನಡ. ಸಿಟ್ಟಿದೆಯೇ ಎಂದು ಕೇಳಿದೆ. "ಎಸ್," ಎಂದಳು. ಯಾರ ಮೇಲೆ ಎಂದು ಕೇಳುವ ಧೈರ್ಯ ಬರಲಿಲ್ಲ. ಆಮೇಲೆ ಅವಳೇ ಹೇಳಿದಳು. ದಿನಾ ಬೆಳಿಗ್ಗೆ ಗೋಡೆಯ ಆಚೆ ನೀನು ಒಬ್ಬನೇ ನಗುವುದು ಕೇಳಿಸುತ್ತಿತ್ತಂತೆ. ಪಪ್ಪ ಹಳೆಯ ಗೆಳೆಯನ ವಿಡಿಯೋ ನೋಡಿಕೊಂಡು ಖುಷಿಯಾಗಿದ್ದಾರೆ, ನನ್ನ ಗೊಡವೆ ಅವರಿಗೇಕೆ ಎಂದುಕೊಂಡಿದ್ದಳಂತೆ.

ಈಗ ಕೆಲಸದ ವಿಷಯ. ಮೌಖಿಕ ಪರೀಕ್ಷೆಗೆ ಅವಳು ಕೂರುವುದು ಬೇಡ. ಆರೋಗ್ಯದ ಕಾರಣಕ್ಕೆ ತಡವಾಗಿ ಹೆಸರು ಹಿಂಪಡೆಯಲು ಅರ್ಜಿ ಹಾಕಬಹುದು. ವೈದ್ಯರ ಪತ್ರ ಬೇಕು. ಹೇಮಲತಾ ಜೊತೆಗಿರುತ್ತಾರೆ. ಆದರೆ ಅರ್ಜಿಯ ಎದುರಿಗೆ ಎದ್ದು ನಿಲ್ಲುವುದು ಆ ಹಸಿರು ಚುಕ್ಕಿಯೇ. ಇಷ್ಟು ಚೆನ್ನಾಗಿ ಓದುತ್ತಿದ್ದವಳಿಗೆ ಏನು ಕಾಯಿಲೆ ಎಂದು ಕೇಳುತ್ತಾರೆ. ಹಾಗಾಗಿ ಅದು ಅವಳಲ್ಲ ಎಂದು ನೀನು ಬರೆದುಕೊಡಬೇಕು, ಸಹಿ ಹಾಕಿ. ನಾನು ನನ್ನದನ್ನು ಇಂದು ಬೆಳಿಗ್ಗೆ ಕೊಟ್ಟೆ: ವಿದ್ಯಾರ್ಥಿನಿಯ ಕಡತದ ವಿವರವನ್ನು ಅವಳ ತಂದೆಗೆ ಎರಡು ಬಾರಿ ತಿಳಿಸಿದ್ದೇನೆ, ಅವಳು ನನ್ನೊಂದಿಗೆ ಆಡಿದ ಒಂದೇ ಒಂದು ಮಾತನ್ನು ಅಳಿಸಿದ್ದೇನೆ. ಸಮಿತಿ ಏನು ತೀರ್ಮಾನಿಸುತ್ತದೋ ಗೊತ್ತಿಲ್ಲ. ಅವಳ ಮೇಲೆ ಆಪಾದನೆ ನಿಲ್ಲಲಾರದು ಎಂದು ಹೇಮಲತಾ ಹೇಳುತ್ತಾರೆ, ನಿಲ್ಲುವುದಿಲ್ಲ ಎಂದು ಹೇಳುವುದಿಲ್ಲ. ಮುಂದಿನ ವರ್ಷ ಈ ಕೋರ್ಸು ನನ್ನ ಕೈಯಲ್ಲಿ ಇರಲಾರದು. ಅದಿರಲಿ.

ಫೋನ್ ಇಡುವ ಮೊದಲು ಅವಳು ಕೇಳಿದಳು, "ಸೋ ಅಂಕಲ್, ಕುಕ್ಕರಿನಲ್ಲಿ ಏನಿತ್ತು?"

"ತೊಗರಿಬೇಳೆ ಕಣಮ್ಮ," ಎಂದೆ. "ನಾಲ್ಕು ಸೀಟಿಗೆ ಆರಿಸಬೇಕಿತ್ತು. ಒಂಬತ್ತಾಗಿ ತಳ ಹತ್ತಿತು. ಒಂದು ಸೀಟಿ ಮಾತ್ರ ವಿಡಿಯೋಗೆ ಬಿತ್ತು, ಉಳಿದವನ್ನು ಕತ್ತರಿಸಿದ್ದೆ."

"ಯಾಕೆ ಒಂಬತ್ತು?"

"ರುದ್ರಾಣಿ ಆಂಟಿ ಮರೆತರು," ಎಂದೆ. ಆ ಹುಡುಗಿಗೆ ನಾನು ಹೇಳಿದ್ದು ಅರ್ಧ ಉತ್ತರ. ಉಳಿದರ್ಧ ನಿನಗೆ ಬರೆಯುತ್ತಿದ್ದೇನೆ. ಸೂಕ್ತವೆನಿಸಿದರೆ ಓದಿ ಹೇಳು.

ಆ ಭಾನುವಾರ ನಾನು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಮೂರನೆಯ ಪಾಠ ರೆಕಾರ್ಡ್ ಮಾಡುತ್ತಿದ್ದೆ. ರುದ್ರಾಣಿ ಅಡುಗೆಮನೆಯಲ್ಲಿ ನನ್ನ ಇನ್ನೊಂದು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಬೇಳೆ ಮರೆತದ್ದು ನಮಗೆ ಕಡ್ಡಾಯ ಮಾಡಿದ್ದ ಆ ತರಬೇತಿಯ ಏಳನೆಯ ಪ್ರಶ್ನೆಯ ದೆಸೆಯಿಂದ. ರೆಕಾರ್ಡಿಂಗ್ ಮುಗಿಸಿ ಹೊರಬಂದಾಗ ಮನೆ ತುಂಬ ಹೊಗೆ, ಅವಳು ಅದನ್ನು ಗಟ್ಟಿಯಾಗಿ ಓದಿ ಹೇಳಿದಳು: "ವಿದ್ಯಾರ್ಥಿಯೊಬ್ಬರು ಪಾಠಕ್ಕೆ ಸಂಬಂಧವಿಲ್ಲದ ಪ್ರಶ್ನೆ ಕೇಳಿದ್ದಾರೆ. ನೀವೇನು ಮಾಡುತ್ತೀರಿ? ಅಳಿಸುವಿರಾ, ನಿಯಮ ನೆನಪಿಸುವಿರಾ, ಸುಮ್ಮನಿರುವಿರಾ, ಉತ್ತರಿಸುವಿರಾ?"

"ಅಳಿಸು," ಎಂದೆ ನಾನು, ಕಿಟಕಿ ತೆಗೆಯುತ್ತ.

"ಉತ್ತರಾ ಕೊಡೂದ್ರಿ," ಎಂದಳು ರುದ್ರಾಣಿ. "ಯಾರರ ಮಾತಾಡ್ಲಿ ಅಂತ ಕೇಳಿರ್ತಾರ ಪಾಪ. ಇದ್ರಾಗ ವಿಚಾರ ಮಾಡೂದೇನೈತಿ?" ಎಂದು ತನಗೆ ಸರಿಕಂಡದ್ದನ್ನೇ ಒತ್ತಿ, ಉಳಿದ ಹದಿಮೂರು ಪ್ರಶ್ನೆಗಳನ್ನೂ ಅವಳೇ ಮುಗಿಸಿ, ಸುಟ್ಟ ಕುಕ್ಕರು ತಿಕ್ಕಲು ಎದ್ದಳು.

ನನ್ನ ಬೆನ್ನ ಹಿಂದೆ, ಕ್ಯಾಮೆರಾಕ್ಕೆ ಬೀಳುವ ಹಾಗೆ ತೂಗುಹಾಕಿರುವ ನೂರಕ್ಕೆ ನೂರು ರುದ್ರಾಣಿಯದು, ಧನರಾಜ್. ಕಟ್ಟು ಹಾಕಿಸಿದ್ದು ಮಾತ್ರ ನಾನು.

ನಿನ್ನ,
ವಿರುಪಾಕ್ಷ